ಶಾಲಾ ಮಕ್ಕಳ ಮನಸ್ಸಿನ ತಪಾಸಣೆ: ಯಾವ ಪ್ರಶ್ನೆ, ಯಾವ ಭಾಷೆಯಲ್ಲಿ?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಎತ್ತರ, ತೂಕ, ಕಣ್ಣು, ಹಲ್ಲು ನೋಡಿಹೋಗುವ ಆರೋಗ್ಯ ತಪಾಸಣೆ ಹೊಸತಲ್ಲ. ಶಾಲೆಯ ವರ್ಷದ ಒಂದು ಭಾಗವಾಗಿ ಅದು ಹೆತ್ತವರಿಗೆ ರೂಢಿಯಾಗಿದೆ. ಆದರೆ ಮಗು ಆಗಾಗ ಹೊಟ್ಟೆನೋವು ಎನ್ನುತ್ತದೆಯೇ, ಒಂಟಿಯಾಗಿ ಆಡುವುದೇ ಹೆಚ್ಚೇ, ಸಿಟ್ಟು ಬಂದರೆ ತಡೆದುಕೊಳ್ಳಲಾರದೇ ಎಂದು ಕೇಳುವ ಹಾಳೆಯೊಂದು ಪುಸ್ತಕದ ಚೀಲದಲ್ಲಿ ಮನೆಗೆ ಬಂದಾಗ ಮಾತ್ರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ‘ನಮ್ಮ ಮಗುವಿಗೆ ಏನಾದರೂ ಉಂಟಾ ಟೀಚರೇ?’ ಎಂಬ ಪ್ರಶ್ನೆ ಮರುದಿನವೇ ಶಾಲೆಯ ಜಗಲಿಗೆ ಬರುತ್ತದೆ.

ಈ ವಿಷಯ ಈಗ ಎಲ್ಲರ ಬಾಯಲ್ಲಿ ಬರಲು ಕಾರಣವಿದೆ. ಆಂಧ್ರಪ್ರದೇಶದಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಲಹೆಗಾರರೋ ಮನಃಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ನೂರು ಮಕ್ಕಳು ತುಂಬದ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗಳು ನಮ್ಮಲ್ಲಿ ಅನೇಕ ಇರುವುದರಿಂದ ಎರಡನೆಯ ಮಾತೂ ನಮಗೆ ಮುಖ್ಯವೇ. ಸಲಹೆಗಾರರು ಶಾಲೆಗೆ ಬಂದ ಮೇಲೆ, ಅವರ ನೆರವು ಯಾವ ಮಗುವಿಗೆ ಬೇಕೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಇರುವ ಉತ್ತರಗಳಲ್ಲಿ ಒಂದು, ಈ ಹಾಳೆ.

ಸ್ಕ್ರೀನಿಂಗ್ ಎಂದರೇನು?

ಯಾವ ದೂರನ್ನೂ ಹೇಳಿಕೊಂಡು ಬಾರದ ಒಂದು ಗುಂಪಿನ ಎಲ್ಲರಿಗೂ ಒಂದೇ ಸರಳ ಪರೀಕ್ಷೆ ಮಾಡಿ, ಅವರಲ್ಲಿ ಯಾರನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದು ಗುರುತಿಸುವುದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರಾಥಮಿಕ ತಪಾಸಣೆ ಎನ್ನಬಹುದು. ಶಾಲೆಯ ಕಣ್ಣಿನ ಪರೀಕ್ಷೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಗೋಡೆಗೆ ತೂಗಿದ ಅಕ್ಷರದ ಚಾರ್ಟಿನಿಂದ ಇಷ್ಟು ದೂರ ಎಂದು ಗೆರೆ ಎಳೆದು, ಒಂದು ಕಣ್ಣು ಮುಚ್ಚಿಸಿ, ಸಾಲು ಸಾಲಾಗಿ ಓದಿಸುತ್ತಾರೆ. ಕೆಳಗಿನ ಸಾಲು ಓದಲಾಗದ ಮಗುವಿಗೆ ಅಧ್ಯಾಪಕರು ಅಲ್ಲಿಯೇ ಕನ್ನಡಕ ಹಾಕಿಬಿಡುವುದಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಕೊಡುತ್ತಾರೆ. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲವೆಂದು ಕಳುಹಿಸುವುದೂ ಉಂಟು. ಮನಸ್ಸಿಗೆ ಸಂಬಂಧಿಸಿದ ಪ್ರಶ್ನಾವಳಿಯ ಅಧಿಕಾರವೂ ಆ ಚೀಟಿಯಷ್ಟೇ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ರೋಗನಿರ್ಣಯ, ಅದು ತಜ್ಞರು ಮಗುವನ್ನೂ ಮನೆಯವರನ್ನೂ ಕಂಡು ಮಾತನಾಡಿದ ಮೇಲಷ್ಟೇ ಆಗುವ ಕೆಲಸ.

ಯಾವುದಕ್ಕೆ ಸ್ಕ್ರೀನಿಂಗ್ ಮಾಡಬಹುದು, ಯಾವುದಕ್ಕೆ ಮಾಡಬಾರದು ಎಂಬುದಕ್ಕೂ ನಿಯಮಗಳಿವೆ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ಬರೆದುಕೊಟ್ಟ ಹತ್ತು ತತ್ತ್ವಗಳು ಇಂದಿಗೂ ಆಧಾರವಾಗಿವೆ. ತೊಂದರೆ ಮಹತ್ವದ್ದಾಗಿರಬೇಕು, ಪರೀಕ್ಷೆ ಜನರಿಗೆ ಒಪ್ಪಿಗೆಯಾಗುವಂತಿರಬೇಕು, ಗುರುತಿಸಿದ ಮೇಲೆ ಕೊಡಲು ಚಿಕಿತ್ಸೆ ಇರಬೇಕು, ಅದನ್ನು ಕೊಡುವ ವ್ಯವಸ್ಥೆಯೂ ಕೈಗೆಟುಕುವಂತಿರಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು. ಕೊನೆಯ ಎರಡನ್ನು ಮರೆತ ತಪಾಸಣೆ ಮನೆಯವರಿಗೆ ಹೆದರಿಕೆಯನ್ನಷ್ಟೇ ಕೊಟ್ಟುಹೋಗುತ್ತದೆ.

ಸದ್ದು ಮಾಡುವ ತೊಂದರೆ, ಸದ್ದಿಲ್ಲದ ತೊಂದರೆ

ಮಕ್ಕಳ ತೊಂದರೆಗಳನ್ನು ತಜ್ಞರು ಸ್ಥೂಲವಾಗಿ ಎರಡಾಗಿ ನೋಡುತ್ತಾರೆ. ಸದಾ ಹೆದರಿಕೆ, ದುಃಖ, ಹಿಂಜರಿಕೆ, ಕಾರಣ ಸಿಗದ ತಲೆನೋವು ಹೊಟ್ಟೆನೋವು ಇವೆಲ್ಲ ಒಳಮುಖವಾದವು; ಇವನ್ನು ಭಾವನೆಯ ತೊಂದರೆಗಳು ಎನ್ನುತ್ತಾರೆ. ಹೊಡೆದಾಟ, ಸುಳ್ಳು, ಕದಿಯುವುದು, ಒಂದು ಕಡೆ ಕೂರಲಾರದ ಚಡಪಡಿಕೆ ಇವು ಹೊರಮುಖವಾದವು. ಇವು ವರ್ತನೆಯ ತೊಂದರೆಗಳು. ಎಲ್ಲ ಮಕ್ಕಳಲ್ಲೂ ಇವೆಲ್ಲ ಅಷ್ಟಿಷ್ಟು ಇರುತ್ತವೆ. ಎಷ್ಟು ತೀವ್ರವಾಗಿದೆ, ಎಷ್ಟು ಕಾಲದಿಂದ ಇದೆ, ಮಗುವಿನ ಊಟ, ನಿದ್ದೆ, ಆಟ, ಕಲಿಕೆ, ಗೆಳೆತನಗಳಿಗೆ ಎಷ್ಟು ಅಡ್ಡಿಯಾಗಿದೆ ಎಂಬ ಮೂರು ಅಳತೆಗಳಿಂದ ಅದನ್ನು ತೊಂದರೆ ಎನ್ನಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ.

ಹೊರಮುಖವಾದದ್ದು ಯಾರ ಕಣ್ಣಿಗೂ ಬೀಳುತ್ತದೆ. ‘ಅವನದ್ದು ಭಾರೀ ಲೂಟಿ, ಉಪದ್ರ ತಡೆಯಲಿಕ್ಕಾಗುವುದಿಲ್ಲ’ ಎಂಬ ದೂರು ಅಧ್ಯಾಪಕರ ಕೊಠಡಿಗೆ ತಾನಾಗಿಯೇ ಬರುತ್ತದೆ. ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿದರಷ್ಟೇ ಉತ್ತರಿಸಿ, ಇಂಟರ್‌ವಲ್‌ನಲ್ಲಿ ಕಂಬಕ್ಕೊರಗಿ ನಿಲ್ಲುವ ಹುಡುಗಿಯ ಬಗ್ಗೆ ಯಾರೂ ದೂರು ತರುವುದಿಲ್ಲ. ಅವಳ ಬಗ್ಗೆ ನಮ್ಮ ಕಡೆ ಹೇಳುವ ಮಾತು ‘ಪಾಪ, ಅವಳದ್ದು ಒಂದು ಸ್ವರ ಇಲ್ಲ’ ಎಂದು. ಅದು ಹೊಗಳಿಕೆ. ಪರೀಕ್ಷೆಯಲ್ಲಿ ಅಂಕವೂ ತಕ್ಕಮಟ್ಟಿಗೆ ಬರುತ್ತಿದ್ದರೆ ವರ್ಷಗಟ್ಟಲೆ ಆ ಮಗುವಿನ ಹತ್ತಿರ ಯಾರೂ ಏನನ್ನೂ ಕೇಳದಿರಬಹುದು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಪದ್ಧತಿಯ ದೊಡ್ಡ ಪ್ರಯೋಜನವಿರುವುದು ಇಂತಹ ಮಕ್ಕಳ ವಿಷಯದಲ್ಲಿ ಎಂಬುದು ನನ್ನ ಅಭಿಪ್ರಾಯ.

ಇಂತಹ ಮಕ್ಕಳು ಎಷ್ಟು ಮಂದಿ? ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಕೇರಳವೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜಿನಲ್ಲಿ 10ರಿಂದ 19 ವರ್ಷದ ಏಳು ಮಂದಿಯಲ್ಲಿ ಒಬ್ಬರು. ಮೂವತ್ತು ಮಕ್ಕಳ ಒಂದು ತರಗತಿಗೆ ಇದನ್ನು ಇಳಿಸಿದರೆ ಇಬ್ಬರಿಂದ ನಾಲ್ವರು ಎಂದಾಗುತ್ತದೆ.

ಇಪ್ಪತ್ತೈದು ವಾಕ್ಯಗಳ ಹಾಳೆ

ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಎಸ್‌ಡಿಕ್ಯೂ ಒಂದು. ‘ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’ ಎಂಬುದರ ಹ್ರಸ್ವರೂಪವಿದು. ಮಗುವಿನ ಗುಣಬಲಗಳನ್ನೂ ತೊಂದರೆಗಳನ್ನೂ ಒಟ್ಟಿಗೆ ಕೇಳುವ ಪ್ರಶ್ನಾವಳಿ ಎಂದರ್ಥ. ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಇರುವುದು 25 ಚಿಕ್ಕ ವಾಕ್ಯಗಳು. ಭಾವನೆ, ನಡತೆ, ಚಡಪಡಿಕೆ ಮತ್ತು ಗಮನ, ಓರಗೆಯವರೊಂದಿಗಿನ ಒಡನಾಟ, ಇತರರಿಗೆ ನೆರವಾಗುವ ಗುಣ ಎಂಬ ಐದು ಭಾಗಗಳಿಗೆ ಐದೈದು ವಾಕ್ಯ. ಪ್ರತಿಯೊಂದರ ಮುಂದೆ ‘ನಿಜವಲ್ಲ’, ‘ಸ್ವಲ್ಪಮಟ್ಟಿಗೆ ನಿಜ’, ‘ಖಂಡಿತ ನಿಜ’ ಎಂಬ ಮೂರು ಚೌಕಗಳು. ಒಂದಕ್ಕೆ ಗುರುತು ಹಾಕಬೇಕು. ಹೆತ್ತವರಿಗೆ ಒಂದು ಹಾಳೆ, ಅಧ್ಯಾಪಕರಿಗೆ ಒಂದು, 11 ವರ್ಷ ದಾಟಿದ ಮಕ್ಕಳಿಗೆ ಅವರೇ ತುಂಬುವಂತಹದ್ದು ಇನ್ನೊಂದು.

ಉತ್ತರಗಳಿಗೆ 0, 1, 2 ಎಂದು ಅಂಕ ಕೊಟ್ಟು ಕೂಡಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮಗು ಸಾಮಾನ್ಯವಾಗಿ ಹೇಳಿದ ಮಾತು ಕೇಳುತ್ತದೆ, ಅದಕ್ಕೆ ಒಬ್ಬನಾದರೂ ಒಳ್ಳೆಯ ಗೆಳೆಯನಿದ್ದಾನೆ ಎಂಬಂತಹ ಐದು ವಾಕ್ಯಗಳಿಗೆ ಅಂಕವನ್ನು ತಿರುಗಿಸಿ ಹಾಕಬೇಕು. ಅಲ್ಲಿ ‘ಖಂಡಿತ ನಿಜ’ ಎಂದರೆ ಸೊನ್ನೆ. ಇದನ್ನು ತಿಳಿಯದೆ ಕೂಡಿಸಿದರೆ ಒಳ್ಳೆಯ ಗೆಳೆಯರಿರುವ ಮಗುವಿನ ಅಂಕವೇ ಏರಿಬಿಡುತ್ತದೆ. ನೆರವಾಗುವ ಗುಣದ ಐದನ್ನು ಬಿಟ್ಟು ಉಳಿದ ನಾಲ್ಕು ಭಾಗಗಳಿಂದ ಬರಬಹುದಾದ ಗರಿಷ್ಠ ಮೊತ್ತ 40. ಹೆತ್ತವರು ತುಂಬಿದ ಹಾಳೆಯಲ್ಲಿ 13ರವರೆಗೆ ಸಾಮಾನ್ಯ, 14ರಿಂದ 16 ಗಡಿಯಲ್ಲಿ, 17 ಮತ್ತು ಅದಕ್ಕಿಂತ ಮೇಲಾದರೆ ಹೆಚ್ಚು ಎಂಬುದು ಮೂಲ ಲೆಕ್ಕಾಚಾರ. ಈ ಗೆರೆಗಳನ್ನು ಎಳೆದದ್ದು ಬ್ರಿಟನ್ನಿನ ಮಕ್ಕಳಲ್ಲಿ ಸುಮಾರು ಶೇ. 80 ಮಂದಿ ಮೊದಲ ಗುಂಪಿನಲ್ಲಿ, ಶೇ. 10 ನಡುವೆ, ಶೇ. 10 ಮೇಲೆ ಬರುವಂತೆ. ಬದಿಯಡ್ಕದ ಮಗುವಿಗೂ ಅದೇ ಗೆರೆ ಸರಿಹೊಂದಬೇಕೆಂದೇನೂ ಇಲ್ಲ. ಆದುದರಿಂದ 16 ಮತ್ತು 17ರ ನಡುವೆ ಲಕ್ಷ್ಮಣರೇಖೆಯೇನೂ ಇಲ್ಲವೆಂದು ಓದುವವರು ತಿಳಿದಿರಬೇಕು.

ಪ್ರಶ್ನಾವಳಿ ಕೇಳುವುದು ಕಳೆದ ಆರು ತಿಂಗಳ ಅಥವಾ ಈ ಶಾಲಾ ವರ್ಷದ ಬಗ್ಗೆ. ಜೂನ್‌ನಲ್ಲಿ ಶಾಲೆ ತೆರೆದ ಎರಡನೆಯ ವಾರದಲ್ಲಿ, ಮಕ್ಕಳ ಹೆಸರೇ ಬಾಯಿಗೆ ಬಾರದ ಹೊಸ ಟೀಚರ್ ಮೂವತ್ತು ಹಾಳೆ ತುಂಬಿಕೊಟ್ಟರೆ ಅದರಿಂದ ಹೆಚ್ಚೇನೂ ತಿಳಿಯಲಾರದು.

ಮನೆಯ ಹಾಳೆಗೂ ಶಾಲೆಯ ಹಾಳೆಗೂ ಉತ್ತರ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಥಾಮಸ್ ಅಖೆನ್‌ಬಾಕ್ ಮತ್ತು ಸಂಗಡಿಗರು 1987ರಲ್ಲಿ 119 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದೇ ಮಗುವಿನ ಬಗ್ಗೆ ಹೆತ್ತವರು ಹೇಳುವುದಕ್ಕೂ ಅಧ್ಯಾಪಕರು ಹೇಳುವುದಕ್ಕೂ ಇರುವ ಹೊಂದಾಣಿಕೆ ತೀರಾ ಕಡಿಮೆ ಎಂದು ಕಂಡುಬಂದಿತ್ತು. ಮನೆಯಲ್ಲಿ ಬಾಯಿಮುಚ್ಚದ ಮಗು ಶಾಲೆಯಲ್ಲಿ ಮೂಕವಾಗಿರುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆ ವ್ಯತ್ಯಾಸವೂ ಒಂದು ಮಾಹಿತಿ.

ಸಾವಿರ ಮಕ್ಕಳ ಲೆಕ್ಕ

ಅಂಕ ಹೆಚ್ಚು ಬಂದ ಮಗುವಿಗೆ ತೊಂದರೆ ಇರುವ ಸಾಧ್ಯತೆ ಎಷ್ಟು? ಲೆಕ್ಕದ ಅನುಕೂಲಕ್ಕಾಗಿ 1000 ಮಕ್ಕಳಿರುವ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅವರಲ್ಲಿ 100 ಮಂದಿಗೆ ನೆರವು ಬೇಕಾದಷ್ಟು ತೊಂದರೆ ನಿಜವಾಗಿಯೂ ಇದೆ ಎನ್ನೋಣ. ನಮ್ಮ ಕೈಯಲ್ಲಿರುವ ಪ್ರಶ್ನಾವಳಿ ಸಾಕಷ್ಟು ಒಳ್ಳೆಯದು, ತೊಂದರೆ ಇರುವ 100ರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ತೊಂದರೆ ಇಲ್ಲದ 100ರಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದಿಟ್ಟುಕೊಳ್ಳೋಣ. ತೊಂದರೆ ಇಲ್ಲದವರು 900 ಮಂದಿ. ಅವರಲ್ಲಿ ನೂರಕ್ಕೆ ಹತ್ತರಂತೆ 90 ಮಂದಿ ಸುಮ್ಮಸುಮ್ಮನೆ ಸಿಕ್ಕಿಬೀಳುತ್ತಾರೆ. ಒಟ್ಟು 170 ಮಕ್ಕಳ ಮನೆಗೆ ಚೀಟಿ ಹೋಗುತ್ತದೆ, ಅವರಲ್ಲಿ ತೊಂದರೆ ಇರುವವರು 80 ಮಂದಿ, ಎಂದರೆ ಅರ್ಧಕ್ಕಿಂತಲೂ ಕಡಿಮೆ. ಇನ್ನೊಂದೆಡೆ 20 ಮಕ್ಕಳಿಗೆ ತೊಂದರೆ ಇದ್ದೂ ಚೀಟಿ ಹೋಗುವುದಿಲ್ಲ.

ಪರೀಕ್ಷೆ ಕೆಟ್ಟದಾದುದರಿಂದ ಹೀಗಾಗಿದ್ದಲ್ಲ. ತೊಂದರೆ ಇಲ್ಲದವರೇ ಗುಂಪಿನಲ್ಲಿ ಬಹಳ ಹೆಚ್ಚಿರುವುದರಿಂದ ಅವರಲ್ಲಿ ಆಗುವ ಸಣ್ಣ ಪ್ರಮಾಣದ ತಪ್ಪೂ ದೊಡ್ಡ ಸಂಖ್ಯೆಯಾಗುತ್ತದೆ. ಗೆರೆಯನ್ನು ಮೇಲೆ ಕೆಳಗೆ ಸರಿಸಿದರೆ ಒಂದು ತಪ್ಪು ಕಡಿಮೆಯಾಗಿ ಇನ್ನೊಂದು ಹೆಚ್ಚುತ್ತದೆ. ಮೊಗ್ರಾಲಿನ ಹೊಳೆಯಲ್ಲಿ ಬಲೆ ಬೀಸುವವರನ್ನು ಕೇಳಿದರೆ ಇದನ್ನು ನಮಗಿಂತ ಚೆನ್ನಾಗಿ ವಿವರಿಸಿಯಾರು: ಬಲೆಯ ಕಣ್ಣು ಸಣ್ಣದಾದಷ್ಟೂ ಬೇಡದ್ದೆಲ್ಲ ತುಂಬಿಕೊಳ್ಳುತ್ತದೆ, ದೊಡ್ಡದಾದಷ್ಟೂ ಬೇಕಾದದ್ದು ಜಾರಿಹೋಗುತ್ತದೆ. ಹೀಗಿರುವುದರಿಂದಲೇ ಚೀಟಿ ಬಂದ ಮನೆಯವರು ಕಂಗೆಡಬಾರದು, ಚೀಟಿ ಬಾರದ ಮಗುವಿನ ಬಗ್ಗೆ ಅಮ್ಮನಿಗಿರುವ ಆತಂಕವನ್ನು ಶಾಲೆ ತಳ್ಳಿಹಾಕಬಾರದು.

ಯಾವ ಭಾಷೆಯಲ್ಲಿ ಕೇಳುವುದು?

ಕಾಸರಗೋಡಿನ ಮಟ್ಟಿಗೆ ಎಲ್ಲಕ್ಕಿಂತ ಬಿಗಿಯಾದ ಗಂಟು ಇರುವುದು ಇಲ್ಲಿ. ಕಣ್ಣಿನ ಪರೀಕ್ಷೆಯ ಚಾರ್ಟನ್ನೇ ಮತ್ತೆ ನೋಡೋಣ. ಮಗುವಿಗೆ ಓದಲು ಬಾರದ ಲಿಪಿಯಲ್ಲಿ ಚಾರ್ಟನ್ನು ಬರೆದು ತೂಗಿಸಿದರೆ, ಹದ್ದಿನ ಕಣ್ಣಿನ ಮಗುವೂ ಒಂದಕ್ಷರ ಹೇಳಲಾರದು. ತಪ್ಪು ಕಣ್ಣಿನದ್ದಲ್ಲ, ಆದರೆ ಹಾಳೆಯ ಮೇಲೆ ಬರೆಯಲ್ಪಡುವುದು ಕಣ್ಣಿನ ದೋಷವೆಂದೇ.

ನಮ್ಮಲ್ಲಿ ಒಂದು ಮಗು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಹವ್ಯಕ ಕನ್ನಡವನ್ನೋ ಮಾತನಾಡುತ್ತದೆ. ಶಾಲೆಯಲ್ಲಿ ಕಲಿಯುವುದು ಪುಸ್ತಕದ ಕನ್ನಡ. ಇಲಾಖೆಯಿಂದ ಬರುವ ಕಾಗದಪತ್ರ ಬಹುಪಾಲು ಮಲಯಾಳದಲ್ಲಿ. ಸಲಹೆಗಾರರಿಗೆ ಮಲಯಾಳ ಮಾತ್ರ ಬರುವುದಾದರೆ, ಆ ಮಗು ತನ್ನ ಮನಸ್ಸಿನಲ್ಲಿರುವುದನ್ನು ಮೂರನೆಯ ಅಥವಾ ನಾಲ್ಕನೆಯ ಭಾಷೆಯಲ್ಲಿ ಹೇಳಬೇಕಾಗುತ್ತದೆ. ಲೆಕ್ಕ ಪಾಠವನ್ನು ಹಾಗೆ ಒಪ್ಪಿಸಬಹುದು. ದುಃಖವನ್ನು ಹಾಗೆ ಒಪ್ಪಿಸಲು ದೊಡ್ಡವರಿಂದಲೂ ಆಗುವುದಿಲ್ಲ.

ಎಸ್‌ಡಿಕ್ಯೂ ಕನ್ನಡ, ಮಲಯಾಳ ಎರಡರಲ್ಲೂ ಇದೆ. ಆದರೆ ಕನ್ನಡ ಎಂದಾಕ್ಷಣ ಪ್ರಶ್ನೆ ಮುಗಿಯುವುದಿಲ್ಲ. ‘ಬೇಜಾರು’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಘಟ್ಟದ ಮೇಲಿನವರಿಗೆ ಅದು ಹೊತ್ತು ಹೋಗದಿರುವುದೂ ಹೌದು, ಮುನಿಸೂ ಹೌದು. ಇಲ್ಲಿಯ ತುಳು ಮಾತನಾಡುವ ಮನೆಯಲ್ಲಿ ‘ಬೇಜಾರ್’ ಎಂದರೆ ಮೊದಲು ಹೊಳೆಯುವುದು ದುಃಖ. ‘ಮಗು ಆಗಾಗ ಬೇಜಾರಿನಲ್ಲಿರುತ್ತದೆ’ ಎಂಬ ವಾಕ್ಯಕ್ಕೆ ಒಬ್ಬ ತಾಯಿ, ಟಿವಿ ಹಾಕದಿದ್ದರೆ ಹಾಗೇ ಇರುತ್ತಾನೆ ಎಂದು ಭಾವಿಸಿ ಗುರುತು ಹಾಕಬಹುದು, ಇನ್ನೊಬ್ಬರು ಅಜ್ಜಿ ತೀರಿದ ಮೇಲೆ ರಾತ್ರಿ ಅಳುವ ಮಗುವನ್ನು ನೆನೆದು ಹಾಕಬಹುದು. ಚೌಕದೊಳಗಿನ ಗುರುತು ಎರಡರಲ್ಲೂ ಒಂದೇ. ಹಾಗೆಯೇ ‘ಚಿಂತೆ’ ಎಂಬ ಶಬ್ದ ಏಳು ವರ್ಷದ ಮಗುವಿನ ಬಾಯಿಗೆ ಬರುವಂತಹದ್ದಲ್ಲ. ‘ಮಂಡೆಬೆಚ್ಚ’ ಎಂದರೆ ಕೂಡಲೇ ತಿಳಿಯುತ್ತದೆ, ಆದರೆ ತಲೆ ಬಿಸಿಯಾಗಿದೆ ಎಂದು ಅದನ್ನು ಅಕ್ಷರಶಃ ಬರೆದುಕೊಂಡರೆ ಊರು ತಿಳಿಯದವರು ಜ್ವರವೆಂದೋ ಸಿಟ್ಟೆಂದೋ ಓದಿಕೊಂಡಾರು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಿದ ಮೇಲೆ, ಮೂಲವನ್ನು ನೋಡಿರದ ಇನ್ನೊಬ್ಬರಿಂದ ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಿ ಎರಡನ್ನೂ ಹೋಲಿಸಿ ನೋಡುವುದು ಸಂಶೋಧಕರ ರೂಢಿ. ಆಮೇಲೆ ಕೆಲವು ತಾಯಂದಿರನ್ನು ಕೂರಿಸಿಕೊಂಡು, ಈ ವಾಕ್ಯ ಓದಿದಾಗ ನಿಮಗೆ ಏನು ಹೊಳೆಯಿತು ಎಂದು ಒಂದೊಂದನ್ನೇ ಕೇಳುತ್ತಾರೆ. ಅಧಿಕೃತ ಹಾಳೆಯ ವಾಕ್ಯಗಳನ್ನು ಶಾಲೆ ತನ್ನಿಷ್ಟದಂತೆ ತಿದ್ದುವಂತಿಲ್ಲ. ಆದರೆ ಓದಿ ಹೇಳುವವರು ಊರಿನ ಮಾತು ಬಲ್ಲವರಾಗಿದ್ದರೆ, ತಾಯಿ ಗುರುತು ಹಾಕಿದ ಬಳಿಕ ‘ಯಾವಾಗ ಹಾಗೆ ಆಗುವುದು?’ ಎಂದು ಒಂದು ಮಾತು ಕೇಳಿ, ಅವರು ಹೇಳಿದ್ದನ್ನು ಅವರ ಶಬ್ದಗಳಲ್ಲೇ ಅಂಚಿನಲ್ಲಿ ಬರೆದಿಡಬಹುದು. ಸಂಖ್ಯೆಗಿಂತ ಆ ಅಂಚಿನ ಬರಹವೇ ಮುಂದೆ ನೋಡುವ ತಜ್ಞರಿಗೆ ಹೆಚ್ಚು ದಾರಿ ತೋರಿಸುತ್ತದೆ.

ಮಾತನಾಡದ ಮಗುವಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬ್ಯಾರಿ ಮಾತನಾಡುವ ಮನೆಯಿಂದ ಒಂದನೆಯ ತರಗತಿಗೆ ಬಂದ ಮಗು ಮೊದಲ ಕೆಲವು ತಿಂಗಳು ಸುಮ್ಮನಿದ್ದರೆ ಅದು ಹೊಸ ಭಾಷೆಯನ್ನು ಕಿವಿಗೆ ಹಾಕಿಕೊಳ್ಳುತ್ತಿರಬಹುದು. ಭಾಷೆ ತಿಳಿಯತೊಡಗಿದ ಮೇಲೂ, ಮನೆಯಲ್ಲಿ ಗಳಗಳನೆ ಮಾತನಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಆಗ ತಜ್ಞರನ್ನು ಕೇಳಬೇಕು.

ಪಟ್ಟಿಯಲ್ಲಿ ಹೆಸರು

ಎಣ್ಮಕಜೆ, ಬೆಳ್ಳೂರಿನಂತಹ ಪಂಚಾಯತುಗಳಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ವರ್ಷಗಳ ಬಳಿಕ ವೈದ್ಯಕೀಯ ಶಿಬಿರ, ಪಟ್ಟಿ ಎಂಬ ಮಾತುಗಳಿಗೆ ಬೇರೆಯೇ ಭಾರ ಬಂದಿದೆ. ಅಲ್ಲಿ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಂದರೆ ನೆರವು, ಬಾರದಿದ್ದರೆ ಅಲೆದಾಟ. ಶಾಲೆಯ ಈ ತಪಾಸಣೆಗೂ ಅದಕ್ಕೂ ಸಂಬಂಧವಿಲ್ಲ. ಬುದ್ಧಿ ಬೆಳವಣಿಗೆಯ ವಿಳಂಬ, ಅಂಗವೈಕಲ್ಯ ಮೊದಲಾದವನ್ನು ಗುರುತಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತಹ ಬೇರೆ ದಾರಿಗಳಿವೆ.

ಮನಸ್ಸಿನ ತಪಾಸಣೆಯಲ್ಲಿ ಪಟ್ಟಿ ಗೋಡೆಗೆ ಅಂಟಿಸುವಂತಹದ್ದಲ್ಲ. ಹೆತ್ತವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಮೊದಲೇ ಪಡೆಯಬೇಕು, ಇದು ಯಾಕೆಂದು ಮಗುವಿಗೂ ಅದರ ಪ್ರಾಯಕ್ಕೆ ತಕ್ಕಂತೆ ಹೇಳಬೇಕು. ಫಲಿತಾಂಶವನ್ನು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಓದುವುದು, ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸಲ್ಲದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಚಿಕಿತ್ಸೆಗೆ ಸಂಬಂಧಿಸಿದ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಒಂದು ಅಪವಾದವಿದೆ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದುದರಿಂದ ಒಳ್ಳೆಯ ಸಲಹೆಗಾರರು ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡುವುದಿಲ್ಲ. ನಿನಗೆ ಅಪಾಯವಿದ್ದರೆ ಮಾತ್ರ ಹೇಳಬೇಕಾಗುತ್ತದೆ ಎಂದು ಮೊದಲೇ ತಿಳಿಸುತ್ತಾರೆ.

ಅಂಕ ಹೆಚ್ಚು ಬಂದರೆ

ಮೊದಲ ಹೆಜ್ಜೆ ಆಸ್ಪತ್ರೆಯಲ್ಲ, ಮಾತುಕತೆ. ಊರು ಬದಲಾಯಿತೇ, ಅಪ್ಪ ಗಲ್ಫಿಗೆ ಹೋದರೇ, ಮನೆಯಲ್ಲಿ ಸಾವೋ ಜಗಳವೋ ಆಗಿದೆಯೇ, ಬಸ್ಸಿನಲ್ಲಿ ಯಾರಾದರೂ ಗೋಳುಹುಯ್ಯುತ್ತಿದ್ದಾರೆಯೇ ಎಂದು ಸಲಹೆಗಾರರು ಕೇಳುತ್ತಾರೆ. ಜತೆಗೆ ಕಿವಿ, ಕಣ್ಣು, ರಕ್ತಹೀನತೆ, ನಿದ್ದೆಗಳನ್ನು ನೋಡಿಸಬೇಕು. ಕಪ್ಪುಹಲಗೆ ಮಸುಕಾಗಿ ಕಾಣುವ ಹುಡುಗನಿಗೆ ಗಮನವಿಲ್ಲ ಎಂಬ ಹೆಸರು ಬಂದಿರಬಹುದು. ಅಕ್ಷರಗಳು ಒಂದಕ್ಕೊಂದು ಕೂಡದೆ ಕಷ್ಟಪಡುವ, ಎಂದರೆ ಕಲಿಕಾ ನ್ಯೂನತೆ ಇರುವ ಮಗು ಓದಿಸಿದಾಗಲೆಲ್ಲ ಗಲಾಟೆ ಎಬ್ಬಿಸಿ ಪಾರಾಗುತ್ತಿರಬಹುದು.

ಕೆಲವು ವಾರ ಗಮನಿಸಿದ ಮೇಲೂ ತೊಂದರೆ ಹಾಗೆಯೇ ಇದ್ದರೆ ತಜ್ಞರ ಭೇಟಿ. ಮನೋವೈದ್ಯರೆಂದರೆ ಔಷಧಿ ಬರೆಯಬಲ್ಲ ಡಾಕ್ಟರು. ಚಿಕಿತ್ಸಾ ಮನಃಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತಿನ ಮೂಲಕ ಚಿಕಿತ್ಸೆ ಮಾಡುವವರು. ಮಕ್ಕಳಲ್ಲಿ ಅನೇಕ ಸಲ ಹೆತ್ತವರಿಗೆ ಕೊಡುವ ತರಬೇತಿ, ಮಗುವಿನೊಂದಿಗಿನ ಮಾತಿನ ಚಿಕಿತ್ಸೆ, ತರಗತಿಯಲ್ಲಿ ಕೂರುವ ಜಾಗ ಬದಲಿಸುವಂತಹ ಸಣ್ಣ ಏರ್ಪಾಡುಗಳಿಂದಲೇ ಚಿಕಿತ್ಸೆ ಆರಂಭವಾಗುತ್ತದೆ. ಅಜ್ಜಿ ನೂಲು ಕಟ್ಟಿಸಿಕೊಂಡು ಬಂದಿದ್ದರೆ ಅದನ್ನು ಬಿಚ್ಚಿಸುವ ಅಗತ್ಯವೇನೂ ಇಲ್ಲ. ಡಾಕ್ಟರಲ್ಲಿಗೆ ಹೋಗುವುದನ್ನು ಅದಕ್ಕಾಗಿ ಮುಂದೂಡದಿದ್ದರೆ ಸಾಕು.

ಕಾಯಬಾರದ ಸಂದರ್ಭಗಳೂ ಇವೆ. ಬದುಕುವುದು ಬೇಡ ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಅಂಕಪಟ್ಟಿ ನೋಡುತ್ತ ಕೂರದೆ ಅಂದೇ ಡಾಕ್ಟರನ್ನು ಕಾಣಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡವೂ ಅದರ ಭಾಷೆಗಳಲ್ಲೊಂದು. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098ಕ್ಕೆ ಕರೆಮಾಡಬಹುದು.

ನೆರವು ಆರಂಭವಾಗಿ ಕೆಲವು ತಿಂಗಳಾದ ಮೇಲೆ ಅದೇ 25 ವಾಕ್ಯಗಳ ಹಾಳೆಯನ್ನು ಮತ್ತೊಮ್ಮೆ ತುಂಬಿಸುತ್ತಾರೆ. ಆಗ ಕಳೆದ ಒಂದು ತಿಂಗಳ ಬಗ್ಗೆ ಮಾತ್ರ ಕೇಳುತ್ತಾರೆ, ಕೊನೆಯಲ್ಲಿ ಹೆತ್ತವರಿಗೆ ಎರಡು ಹೊಸ ಪ್ರಶ್ನೆಗಳಿರುತ್ತವೆ. ನೆರವು ಪಡೆಯಲು ತೊಡಗಿದ ಮೇಲೆ ಮಗುವಿನ ತೊಂದರೆ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ತೊಂದರೆ ಇದ್ದರೂ ಅದನ್ನು ಸಹಿಸಿಕೊಳ್ಳುವುದಾದರೂ ಹಗುರವಾಗಿದೆಯೇ ಎಂಬುದು ಎರಡನೆಯದು.